ಹಸಿಬೂದಿ

ಕರಾಟುವಿನಿಂದ ಬಸ್ಸು ತಂದಿಳಿಸಿದ ಏಳನೆಯ ತರಗತಿ
ಹೆಜ್ಜೆಯಚ್ಚಿನ ಮುಂದೆ ಮುಗಿಬಿದ್ದಿದೆ.
ಲಕ್ಷ ಲಕ್ಷ ವರ್ಷದ ಹಿಂದೆ
ಬೆಂಕಿಬೆಟ್ಟ ಉಗುಳಿದ ಹಸಿಬೂದಿಯಲ್ಲಿ
ಯಾರೋ ನಡೆದದ್ದು. ದೊಡ್ಡದರ ಪಕ್ಕ ಚಿಕ್ಕದು.

"ಎಲ್ಲಿಗೆ ಹೊರಟಿದ್ದರು ಟೀಚರ್?"
ಗೊತ್ತಿಲ್ಲ.
"ಜಗಳ ಆಡಿದ್ರಾ?"
ಅದೂ ಗೊತ್ತಿಲ್ಲ ಲೆಮಯಾನ್,
ಪಾದ ಉಳಿದಿದೆ, ಮಾತು ಉಳಿದಿಲ್ಲ.

ಇವನೇ, ಮೊನ್ನೆ ನಾಸೇರಿಯಾನ್
ಗಂಜಿಯ ತಟ್ಟೆ ಸಮೇತ ಜಾರಿ ಬಿದ್ದದ್ದನ್ನು
ಅಣ್ಣನ ಫೋನಿನಲ್ಲಿ ಹಿಡಿದು ಹರಿಬಿಟ್ಟವನು.
ಹನ್ನೊಂದು ಸೆಕೆಂಡು.
ಸಂಜೆಗೆ ಅಳಿಸಿದ. ಅಷ್ಟರಲ್ಲಿ ಅದು
ಅರುಷಾದ ಅವಳ ಅತ್ತೆಯ ಮನೆತನಕ ಹೋಗಿ
ನಗಿಸಿ ಬಂದಿತ್ತು.

ಬುದ್ಧಿ ಹೇಳಲು ಬಾಯಿ ತೆರೆದೆ.
ಹೋದ ವರ್ಷ ಇದೇ ಮಕ್ಕಳ ಬರಿಗಾಲು, ಹರಕು ಅಂಗಿ
ದಾನಿಗಳು ನೋಡಲೆಂದು
ಊರೆಲ್ಲ ಹಂಚಿದವಳು ನಾನೇ.
ಬಾಯಿ ಮುಚ್ಚಿದೆ.

"ಅವರಿಗೆ ಗೊತ್ತಿತ್ತಾ, ನಾವು ನೋಡ್ತೀವಿ ಅಂತ?"
ಲೆಮಯಾನ್ ಇನ್ನೂ ಬಗ್ಗಿ ನೋಡುತ್ತಿದ್ದ.
ನಾಸೇರಿಯಾನ್ ತಿರುಗದೆಯೇ ಅಂದಳು:
"ಅವರನ್ನ ಯಾರು ಕೇಳಿದ್ರು?"

ಹೊರಗೆ ಬಿಸಿಲು. ಬಸ್ಸಿನ ಮುಂದೆ ಸಾಲಾಗಿ ನಿಂತರು.
ಎತ್ತಿದ ಫೋನು ಇಳಿಸಿ
ಮೊದಲ ಸಲ ಕೇಳಿದೆ: ತೆಗೀಲಾ?

ಇಬ್ಬರು ಸಾಲು ಬಿಟ್ಟು ಪಕ್ಕಕ್ಕೆ ಸರಿದರು,
ದೂಳಿನಲ್ಲಿ,
ಒಬ್ಬರ ಪಕ್ಕ ಒಬ್ಬರು.