ಬೆನ್ನಿಗೆ ಕಾಲಂ ಇಲ್ಲ

ಕೈಗವಸು ಹಾಕ್ಕೋ, ಎಮೆಟ್. ಈಗಷ್ಟೇ ಕತ್ತರಿಸಿದ ಅಂಚು,
ಅಲ್ಯೂಮಿನಿಯಮ್ ಗದರಿಸುವುದಿಲ್ಲ, ಸುಮ್ಮನೆ ಕೊಯ್ಯುತ್ತದೆ.
ಹೊರಗೆ ಈರೀ ಸರೋವರ ಕಲ್ಲಾಗಿ ಬಿದ್ದಿದೆ,
ಒಳಗೆ ಈ ಪೆಟ್ಟಿಗೆಯಲ್ಲಿ ಬೇಸಿಗೆಯ ಕಡಲು:
ಉಪ್ಪುನೀರು ಮಂಜಾಗಿ ಸುರಿಯುತ್ತದೆ ಹಗಲೂ ರಾತ್ರಿ.
ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ.
ಇವು ಕುಡಿಯಕೂಡದು. ಅದೇ ಪರೀಕ್ಷೆ.

ಶಾಯಿ ಎಲ್ಲಿದೆ ಅಂದೆಯಲ್ಲ,
ಮೇಲಿಲ್ಲ. ಲೋಹದ ಚರ್ಮದಲ್ಲಿ ಕಣ್ಣಿಗೆ ಕಾಣದ ರಂಧ್ರ,
ರಂಧ್ರದೊಳಗೆ ಬೆಳ್ಳಿಯ ಕಪ್ಪು,
ಅದರ ಮೇಲೆ ಕುದಿನೀರಿನ ಬೀಗ.
ಉಜ್ಜು ಬೇಕಾದರೆ. ಪೆಟ್ರೋಲು ಹಾಕಿ ಉಜ್ಜು.
ಸಾಣೆಚಕ್ರ ಸಾವಿರಗಟ್ಟಲೆ ಸುತ್ತಿದ ಮೇಲೂ
ತೋಳಳತೆಯ ದೂರದಿಂದ ನಾನು ಓದಬೇಕು
(ಕನ್ನಡಕ ಹಾಕಿ; ಅಷ್ಟು ರಿಯಾಯಿತಿ ಉಂಟು).
ತೋಪಿನ, ಟ್ರಕ್ಕಿನ, ಹಿಟ್ಟು ನಾದುವ ಯಂತ್ರದ
ಹಣೆಬರಹ ಬರೆಯುವವರು ನಾವು.
ಅಳಿಸಿದರೆ ಇಡೀ ಲಾಟು ವಾಪಸ್ಸು.

ಮೂವತ್ತೊಂದು ವರ್ಷದಲ್ಲಿ ಲಾಟು ವಾಪಸ್ಸಾದದ್ದು ಎರಡು ಸಲ.
ಒಂಟಿ ಫಲಕ ವಾಪಸ್ಸು ಬಂದದ್ದು ಒಂದೇ ಸಲ,
ಹೋದ ಮಾರ್ಚಿನಲ್ಲಿ, ಬಿಸ್ಕತ್ತಿನ ರಟ್ಟಿನ ನಡುವೆ,
ಮೀನಿನ ಚಿತ್ರದ ಅಂಚೆಚೀಟಿ ಮೂರು ಹೊತ್ತು.
ಕಿರಿಬಾತಿಯ ಕ್ರಿಸ್‌ಮಸ್ ದ್ವೀಪ. ನಾನೂ ನಕ್ಷೆ ತೆಗೆದೆ.
'ಪಂಪು, ನೀರಿನ': ಸೈನ್ಯದ ವ್ಯಾಕರಣ ಹಾಗೆ,
ಹೆಸರು ಮೊದಲು, ಗುಣ ಆಮೇಲೆ.
ನಾಲ್ಕು ಸೊನ್ನೆ ಏಳು ಏಳು ಎರಡು. ಇಸವಿ ೧೯೬೨.
ಕೆಳಗೆ ನಮ್ಮ ಬೀದಿ, ನಮ್ಮ ಊರು.
ಅರವತ್ತು ವರ್ಷದ ಉಪ್ಪು; ಒಂದಕ್ಷರ ಕದಲಿಲ್ಲ.
ಆ ವರ್ಷ ಆ ದ್ವೀಪದ ಆಕಾಶದಲ್ಲಿ
ಏನೇನು ಸಿಡಿಸಿದರು ಅನ್ನುವುದು ಫಲಕದಲ್ಲಿಲ್ಲ.
ಜಾಗವೂ ಸಾಲದು.

ಕಾಗದ ಬರೆದವಳು ಕಬುರಾರಾ, ಶಾಲೆಯ ಟೀಚರು.
"ಅಪ್ಪನ ದೋಣಿಯ ಮೂತಿಗೆ ಬಡಿದಿತ್ತು ಇದು,
ಬೆನ್ನು ಹೊರಗೆ ಮಾಡಿ. ದೋಣಿ ಹೋಯಿತು, ಅಪ್ಪನೂ ಹೋದ.
ಕಿತ್ತು ನೋಡಿದರೆ ಒಳಮೈಯಲ್ಲಿ ಈ ಸಂಖ್ಯೆ.
ನಿಮ್ಮ ಯಾವ ಸಿಪಾಯಿಯದು?
ಮನೆಯವರು ಹುಡುಕುತ್ತಿದ್ದರೆ ಕೊಟ್ಟುಬಿಡಿ.
ಇಷ್ಟು ವರ್ಷ ನಮ್ಮ ಹತ್ತಿರ ಇತ್ತು, ಕ್ಷಮಿಸಿ."

ಪಂಪಿನದಮ್ಮಾ, ಅಂತ ಬರೆಯಹೊರಟೆ.
ಬರಿಯ ಪಂಪಿನದು, ಅದೂ ಈಗ ತುಕ್ಕಾಗಿ ಮಣ್ಣಾಗಿರಬೇಕು.
ಪೆನ್ನು ಅಲ್ಲೇ ನಿಂತಿತು. ಫಲಕ ತಿರುಗಿಸಿದೆ.

ಮೊಳೆಯಲ್ಲಿ ಗೀಚಿದ ಹೆಸರು. ಬೀಗವಿಲ್ಲದ ಅಕ್ಷರ.
ದೀಪದ ಕೆಳಗೆ ಓರೆ ಹಿಡಿದೆ, ಇನ್ನೂ ಓರೆ.
ಐ. ಓ. ಆಮೇಲೊಂದು ಟೀ ಇರಬಹುದು,
ಶಿಲುಬೆಯೂ ಇರಬಹುದು.
ಮಿಕ್ಕದ್ದನ್ನು ಕಡಲು ಓದಿ ಮುಗಿಸಿತ್ತು.
ತೋಳಳತೆಯಿಂದ: ಏನೂ ಇಲ್ಲ.
ಫಾರಮ್ಮು ತೆಗೆದೆ, ಹಾಳು ಅಭ್ಯಾಸ.
ಸವೆತ, ಉಪ್ಪು, ಬಿಸಿಲು, ಎಣ್ಣೆ.
ಬೆನ್ನಿಗೆ ಕಾಲಂ ಇಲ್ಲ.

ಅಪ್ಪನ ಹೆಸರು ಪೂರ್ತಿ ಬರೆದು ಕಳಿಸು ಅಂತ ಕಾಗದ ಹಾಕಿದೆ.
ಪಂಪಿನ ವಿಷಯ ಇನ್ನೂ ಹೇಳಿಲ್ಲ.
ಉತ್ತರ ಬಂದಿಲ್ಲ, ಅಲ್ಲಿಗೆ ಅಂಚೆ ಅಪರೂಪವಂತೆ.
ಆ ಡ್ರಾಯರಿನಲ್ಲಿ ಒಂದು ಖಾಲಿ ತಗಡು ಇದೆ,
ಲೆಕ್ಕಕ್ಕೆ ಬರೆಯದ್ದು. ಅದೊಂದನ್ನು ಬಿಟ್ಟು
ಬೇರೆ ಯಾವುದನ್ನಾದರೂ ತಗೋ.

ಹ್ಞಾಂ, ಈಗ ಮುಚ್ಚಳ ಎತ್ತು. ನಿಧಾನ.
ಮುಖ ಹಿಂದಕ್ಕಿಟ್ಟುಕೋ,
ಉಪ್ಪು ಕಣ್ಣಿಗೆ ಬಡಿಯುತ್ತದೆ.