ಮುಕ್ಕಾಲು ನಿಮಿಷ

ನಾನ್ಯುಕಿಯ ಹೆದ್ದಾರಿ ಬದಿಗೆ ಒಂದು ಹಳದಿ ಹಲಗೆ,
ಸಮಭಾಜಕ ವೃತ್ತ ಇಲ್ಲೇ ಹಾಯುತ್ತದೆಂದು.
ಅದರಡಿ ನನ್ನಪ್ಪ ಮುರೀಥಿ,
ತಳ ತೂತಾದ ಬೋಗುಣಿ, ಒಂದು ಜಗ್ಗು, ಎರಡು ಬೆಂಕಿಕಡ್ಡಿ.
ಗೆರೆಯಿಂದ ಉತ್ತರಕ್ಕೆ ಇಪ್ಪತ್ತು ಹೆಜ್ಜೆ,
ನೀರಲ್ಲಿ ಕಡ್ಡಿ ಬಲಕ್ಕೆ ತಿರುಗುತ್ತದೆ.
ದಕ್ಷಿಣಕ್ಕೆ ಇಪ್ಪತ್ತು, ಎಡಕ್ಕೆ.
ಗೆರೆಯ ಮೇಲೆ ಮಾತ್ರ ಮಿಸುಕುವುದಿಲ್ಲ.
"ಭೂಮಿ ತಿರುಗುವುದಕ್ಕೆ ಸಾಕ್ಷಿ" ಅನ್ನುತ್ತಾನೆ.
ಪ್ರವಾಸಿಗರು ಚಪ್ಪಾಳೆ ತಟ್ಟಿ ಇನ್ನೂರು ಶಿಲಿಂಗ್ ಕೊಡುತ್ತಾರೆ.

ಸಾಕ್ಷಿ ಇರುವುದು ಅವನ ಮಣಿಕಟ್ಟಿನಲ್ಲಿ.
ಸುರಿಯುವಾಗ ಒಂದಿಷ್ಟು ಓರೆ, ಅಷ್ಟೇ.
ಆ ಓರೆಯ ದುಡ್ಡಲ್ಲೇ ನಾನು ಭೌತಶಾಸ್ತ್ರ ಓದಿದ್ದು.
ಬಾಯಿ ಬಿಡುವುದಿಲ್ಲ.

ಅಜ್ಜ ಗಚೇರುವಿನದು ಬೇರೆ ಕತೆ.
ಬೆಟ್ಟ ಕಾಣುವ ಜಮೀನೆಲ್ಲ ಬಿಳಿಯರದಾಗಿದ್ದ ಕಾಲ.
ಮೇಜರ್ ಕ್ಲಿಥರೋ ಮನೆಗೆ ಲಂಡನ್ನಿನಿಂದ
ಆಳೆತ್ತರದ ಗಡಿಯಾರ ಬಂತು,
ಒಣಹುಲ್ಲಿನಲ್ಲಿ ಹೆಣದ ಹಾಗೆ ಮಲಗಿಕೊಂಡು.
ಅಲ್ಲಿ ಮೂವತ್ತು ವರ್ಷ ದಾರಿ ತಪ್ಪಿರದ ಗಡಿಯಾರ
ಇಲ್ಲಿ ದಿನಕ್ಕೆ ಎರಡೂಮುಕ್ಕಾಲು ನಿಮಿಷ ಹಿಂದೆ ಬಿತ್ತು.
ಕೀಲಿ ಕೊಡುವವನು ಅಜ್ಜ, ಧೂಳು ಒರೆಸುವವನು ಅಜ್ಜ.
"ಏನು ಮಾಡಿದೆ ಇದಕ್ಕೆ?"
ಏನೂ ಮಾಡಿಲ್ಲ ಬ್ವಾನಾ.
ಏನೂ ಮಾಡದಿದ್ದುದಕ್ಕೆ ಐದು ಶಿಲಿಂಗ್ ಕಡಿತ.

ಅಜ್ಜ ಓದಿದವನಲ್ಲ, ಕಣ್ಣಿದ್ದವನು.
ಲೋಲಕದ ತುದಿಯಲ್ಲಿ ತಿರುಪೊಂದಿತ್ತು.
ಒಂದು ರಾತ್ರಿ ಒಂದು ಸುತ್ತು, ಮರುರಾತ್ರಿ ಇನ್ನೊಂದು.
ಹಿತ್ತಾಳೆ ಗುಂಡು ಮೇಲೇರಿತು
ಒಂದು ಕಾಫಿಬೀಜದ ದಪ್ಪದಷ್ಟು.
ಗಡಿಯಾರ ಸರಿಹೋಯಿತು.
ಅಜ್ಜ ಸಿಕ್ಕಿಬಿದ್ದ,
ಮುಟ್ಟಿದ್ದು ಖಾತ್ರಿಯಾಯಿತಲ್ಲ!
ಮೇಜರ್ ಗುಂಡನ್ನು ಲಂಡನ್ನಿನ ಗುರುತಿಗೇ ಇಳಿಸಿದ,
ಅಜ್ಜನ ಕೊರಳಿನ ಕಿಪಾಂಡೆಯ ಚೀಟಿಯಲ್ಲಿ ಬರೆದ:
ಯಂತ್ರ ಕೆಡಿಸುವವನು.
ಆಮೇಲೆ ಅವನನ್ನು ಯಾವ ಹೆಂಚಿನ ಮನೆಯೂ ಒಳಗೆ ಬಿಟ್ಟುಕೊಳ್ಳಲಿಲ್ಲ.

ಆ ಗಡಿಯಾರ ಈಗ ಹೋಟೆಲಿನ ಪಡಸಾಲೆಯಲ್ಲಿದೆ.
ಕಾವಲಿನ ನ್ಜೋಗು ನನ್ನ ಹಳೆಯ ವಿದ್ಯಾರ್ಥಿ,
ಒಂದು ಭಾನುವಾರ ಬಾಗಿಲು ತೆಗೆದು ಕೊಟ್ಟ.
ಕಂಬಿಯ ಮೇಲೆ ಮೇಜರ್ ಕೊರೆದ ಗೀರು ಹಾಗೇ ಇತ್ತು.
ಕೀಲಿ ಕೊಟ್ಟೆ. ಮರುದಿನ ಅದೇ ಹೊತ್ತಿಗೆ ಹೋಗಿ ನೋಡಿದೆ.
ಎರಡೂಮುಕ್ಕಾಲು.
ಕಂಬಿ ಶೆಖೆಗೆ ಹಿಗ್ಗಿತು ಅನ್ನುವ ಹಾಗಿಲ್ಲ,
ನಾನ್ಯುಕಿಯಲ್ಲಿ ನಾವು ಸ್ವೆಟರು ಹಾಕುವವರು.

ಒಂಬತ್ತನೇ ತರಗತಿಯ ಉತ್ತರಪತ್ರಿಕೆಯ ಬೆನ್ನಿನಲ್ಲಿ ಲೆಕ್ಕ ಹಾಕಿದೆ.
ತಿರುಗುವ ನೆಲ ಇಲ್ಲಿ ಎಲ್ಲಕ್ಕಿಂತ ಜೋರಾಗಿ ಓಡುತ್ತದೆ,
ನಮ್ಮನ್ನು ಕೊಂಚ ಹಗುರ ಮಾಡುತ್ತದೆ:
ಅದಕ್ಕೆ ಒಂದೂವರೆ ನಿಮಿಷ ಬರೆದೆ.
ಬೆಟ್ಟದ ತಪ್ಪಲಿನ ಎತ್ತರ:
ಅರ್ಧ ನಿಮಿಷಕ್ಕೂ ಒಂಚೂರು ಕಡಿಮೆ.
ಭೂಮಿ ಚೆಂಡಿನ ಹಾಗೆ ಗುಂಡಗಿದ್ದಿದ್ದರೆ
ಲೆಕ್ಕ ಅಲ್ಲಿಗೆ ಚುಕ್ತಾ ಆಗಬೇಕಿತ್ತು.
ಆಗಲಿಲ್ಲ.
ಮುಕ್ಕಾಲು ನಿಮಿಷ ಉಳಿಯಿತು, ಮೇಲೊಂದು ಚಿಟಿಕೆ.

ಅದು ಭೂಮಿಯ ಹೊಟ್ಟೆ.
ತಿರುಗಿ ತಿರುಗಿ ನಡುವಿನಲ್ಲಿ ಉಬ್ಬಿ,
ನೆತ್ತಿ ಕಾಲು ಚಪ್ಪಟೆಯಾಗಿ
ನಮ್ಮನ್ನು ತನ್ನ ನಟ್ಟನಡುವಿನಿಂದ ದೂರ ಇಟ್ಟಿದೆ.
ಅಜ್ಜ ರಾತ್ರಿ ಲಾಟೀನು ಹಿಡಿದು
ಬೆರಳ ತುದಿಯಿಂದ ಮುಟ್ಟಿದ್ದು ಅದನ್ನೇ.
ಮೇಜರ್ ಲಂಡನ್ನಿನ ಗುರುತಿಗೆ ಇಳಿಸಿದ್ದೂ ಅದನ್ನೇ.

ಅಪ್ಪನಿಗೆ ಹೇಳಿದೆ. ಬೋಗುಣಿ ತೊಳೆಯುತ್ತಿದ್ದ.
ಪೂರ್ತಿ ಕೇಳಿ, ಪೆಟ್ಟಿಗೆ ತೆಗೆದು ಕಿಪಾಂಡೆ ಹೊರಗಿಟ್ಟ,
ತುಕ್ಕು ಹಿಡಿದ ಡಬ್ಬಿ, ಒಳಗೆ ಆ ಚೀಟಿ.
ಓದಲು ನನಗೆ ಕೊಡಲಿಲ್ಲ, ತಾನೂ ಓದಲಿಲ್ಲ.
"ಆ ಮುಕ್ಕಾಲು ನಿಮಿಷ ಬಂದವರಿಗೆ ತೋರಿಸಬಹುದಾ?"
ಒಂದು ಹಗಲು ಒಂದು ರಾತ್ರಿ ಕಾಯಬೇಕು ಅಪ್ಪ.
"ಬಸ್ಸು ನಿಲ್ಲುವುದು ಹತ್ತು ನಿಮಿಷ" ಅಂದ.

ಮರುದಿನ ಶಾಲೆಯಿಂದ ಬರುವಾಗ ಕಂಡೆ.
ಉತ್ತರದ ಆಟ ಮುಗಿದಿತ್ತು, ದಕ್ಷಿಣದ್ದೂ.
ಅಪ್ಪ ಗೆರೆಯ ಮೇಲೆ ತುಂಬಿದ ಜಗ್ಗು ಎತ್ತಿ ಹಿಡಿದು
ಸುರಿಯದೆ ನಿಂತಿದ್ದ.
ಜನ ಫೋನು ಚಾಚಿ ಕಾದರು.
ಯಾರೋ ಸಣ್ಣಗೆ ಕೆಮ್ಮಿದರು.
ಒಂದು ಮಗು ಕಾದು ಸಾಕಾಗಿ ನೆಲದ ಮೇಲೆ ಕುಳಿತುಬಿಟ್ಟಿತು.
ಡ್ರೈವರು ಹಾರ್ನ್ ಒತ್ತಿದ,
ಅಪ್ಪನ ಮಣಿಕಟ್ಟು ಅಲುಗಲಿಲ್ಲ.