ಗೋಡೆಗೊಂದು ಕಿವಿ

ವಾಲ್ಪರೈಸೊದ ಈ ಗುಡ್ಡದಲ್ಲಿ
ಮನೆಗಳಿಗಿಂತ ತಂತಿಗಳೇ ಹೆಚ್ಚು.
ನನ್ನ ಕಿಟಕಿಯೆದುರಿನ ಕಂಬ
ತಲೆ ಬಾಚದ ಹುಡುಗಿಯ ಹಾಗೆ ನಿಂತಿದೆ.
ಅದರಲ್ಲಿ ಅರ್ಧ ಸತ್ತ ತಂತಿ, ಎನ್ನುತ್ತಾನೆ ಕಾವಲಿನ ಬಲ್ತಸಾರ್,
ಯಾವುದೋ ಕಂಪನಿ ಮುಚ್ಚಿತು, ಯಾರೋ ಬಾಡಿಗೆಯವರು ಬಿಟ್ಟುಹೋದರು,
ಕತ್ತರಿಸುವ ಕೂಲಿ ಯಾರ ಲೆಕ್ಕಕ್ಕೂ ಬರಲಿಲ್ಲ.
ಎನ್ನುತ್ತಾನೆ ಅಂದರೆ, ರಟ್ಟಿನ ಮೇಲೆ ಬರೆಯುತ್ತಾನೆ.
ನನಗೆ ಕಿವಿ ಕೇಳದು.

ಬಾಗಿಲ ಸಂದಿಯಲ್ಲಿ ಮೂರು ಕಂಪನಿಯ ಮೂರು ಬಣ್ಣದ ಚೀಟಿ.
ಮೊದಲ ಆರು ತಿಂಗಳು ಅರ್ಧ ದರ,
ಏಳನೆಯದಕ್ಕೆ ನಿಜರೂಪ.
ಇಳಿಯುವ ವೇಗ ಎಲ್ಲರದೂ ದಪ್ಪಕ್ಷರದಲ್ಲಿ.
ಏರುವ ವೇಗ ಎಷ್ಟು? ಬರೆದು ಕೇಳಿದೆ.
ಸಿನೆಮಾ ನೋಡುವವರಿಗೆ ಇಳಿದರೆ ಸಾಕು;
ನನ್ನ ಮಾತೆಲ್ಲ ಏರಿಯೇ ಹೋಗಬೇಕು,
ಬೆರಳು, ಹುಬ್ಬು, ಭುಜ, ಉಬ್ಬಿಸಿದ ಕೆನ್ನೆ,
ಒಂದೂ ಉದುರದೆ, ದೇಶದ ಕೊನೆಯ ಊರು
ಪುಂತಾ ಅರೇನಸ್‌ನಲ್ಲಿರುವ ತಂಗಿಯನ್ನು ಮುಟ್ಟಬೇಕು.
ಉತ್ತರ ಬಂತು: ವಿವರಕ್ಕೆ ನಾವೇ ಫೋನ್ ಮಾಡುತ್ತೇವೆ.
ಮಾಡಿದರು ಕೂಡ. ಹನ್ನೊಂದು ಸಲ.
ಮೇಜಿನ ಮೇಲೆ ಫೋನು ಅಂಗಾತ ಬಿದ್ದ ಜೀರುಂಡೆಯಂತೆ ಒದ್ದಾಡಿತು.
ಚಹಾ ಕುಡಿಯುತ್ತ ನೋಡಿದೆ.

ಅಲ್ಲಿಯವರೆಗೆ ಕೆಳಮನೆಯ ಒರ್ತೆನ್ಸಿಯಾ ತನ್ನದನ್ನೇ ಕೊಟ್ಟಿದ್ದಳು.
ಪಾಸ್‌ವರ್ಡ್: ಸತ್ತ ನಾಯಿಯ ಹೆಸರು, ಜೊತೆಗೆ ಅದು ಹುಟ್ಟಿದ ವರ್ಷ.
ಮಾಳಿಗೆ ಹತ್ತಿ ಬರುವಷ್ಟರಲ್ಲಿ
ಅದಕ್ಕೆ ಮುದಿನಾಯಿಯಷ್ಟೇ ಏದುಸಿರು.
ಒಂದು ರಾತ್ರಿ ನೀವೆಸ್, ಆಸ್ಪತ್ರೆಯಿಂದ ಆಗಷ್ಟೇ ಬಂದವಳು,
ಏನೋ ಹೇಳತೊಡಗಿದಳು. ಎದೆಯತ್ತ ಹೊರಟ ಕೈ
ಅಲ್ಲೇ ನಿಂತಿತು.
ಮುಟ್ಟಲಿತ್ತೋ, ಬಡಿಯಲಿತ್ತೋ, ಸವರಿ ಇಳಿಯಲಿತ್ತೋ.
ನಲವತ್ತು ಸೆಕೆಂಡು.
ಕಿವಿಯಿದ್ದವರು ಇದಕ್ಕೆ ನೆಟ್ ಕೈಕೊಟ್ಟಿತು ಅನ್ನುತ್ತಾರೆ.
ಕೊಟ್ಟದ್ದೆಲ್ಲಿ ಬಂತು, ಕಿತ್ತುಕೊಂಡಿತು.
ಚಿತ್ರ ಮತ್ತೆ ಅಲುಗಿದಾಗ ವಾಕ್ಯ ಮುಗಿದಿತ್ತು.
ಇನ್ನೊಮ್ಮೆ ಹೇಳು ಎಂದೆ.
ಹೋಗಲಿ ಬಿಡು ಎಂದಳು.

ಮನೆ ಮಾಲೀಕ ದೊನ್ ಎವರಿಸ್ತೊನ ಪತ್ರ:
ಹೊಸ ತೂತು ಕೊರೆದರೆ ಠೇವಣಿ ಮರೆತುಬಿಡಿ.
ಅವನ ಕರಾರು ಹನ್ನೆರಡು ತಿಂಗಳು, ಕಂಪನಿಯದು ಹದಿನೆಂಟು;
ಮಿಕ್ಕ ಆರು ತಿಂಗಳು ಆ ತಂತಿ ಯಾರ ದಾರಿ ಕಾಯಬೇಕು?
ಗೋಡೆಗೂ ಕಿವಿ ಇದೆಯಂತೆ, ಗಾದೆ ನೆನೆದು ನಕ್ಕೆ.
ಈ ಮನೆಗೆ ಇರುವ ಕಿವಿ ಅದೊಂದೇ,
ಅದನ್ನೂ ಚುಚ್ಚಿಸಬೇಡ ಅನ್ನುತ್ತಾನೆ.

ಅಲಮಾರು ಸರಿಸಿ ತೋರಿಸಿದವನು ಬಲ್ತಸಾರ್.
ಮೊಣಕಾಲೆತ್ತರಕ್ಕೆ, ಸುಣ್ಣ ಕೆರೆದರೆ, ಹಳೆಯ ತೂತು.
ಎಷ್ಟೋ ಬಾಡಿಗೆಗಳ ಹಿಂದೆ ಯಾರೋ ಕೊರೆದು,
ಹೋಗುವಾಗ ಅಗಿದ ಚ್ಯೂಯಿಂಗ್ ಗಮ್ ಮೆತ್ತಿದ್ದಾರೆ;
ಒತ್ತಿದ ಹೆಬ್ಬೆರಳ ಗೆರೆ ಇನ್ನೂ ಇದೆ.
ಮೂರರಲ್ಲಿ ಒಂದೇ ಕಂಪನಿಯ ತಂತಿ
ಅದರೊಳಗೆ ತೂರುವಷ್ಟು ಸಣ್ಣ.
ಆರಿಸಿದೆ ಅಂತ ಹೇಳಿಕೊಳ್ಳುತ್ತೇನೆ.

ಎಂಟರಿಂದ ಒಂದರೊಳಗೆ ಎಂದವರು ಬಂದದ್ದು ಮುಕ್ಕಾಲು ನಾಲ್ಕಕ್ಕೆ.
ಕರೆಗಂಟೆ ಕೇಳದವಳು ಮೆಟ್ಟಿಲ ಮೇಲೇ ಕೂತಿದ್ದೆ.
ಹುಡುಗ ಬಾಯಲ್ಲಿ ಮೊಳೆ ಕಚ್ಚಿಕೊಂಡು ಏನೋ ಕೇಳಿದ.
ಆ ತುಟಿ ಓದಲಾಗಲಿಲ್ಲ. ಹೂಂ ಎಂದು ತಲೆಯಾಡಿಸಿದೆ.
ನೂರಾ ಇಪ್ಪತ್ತು ಟೀವಿ ಚಾನೆಲ್ಲಿಗೆ ಹೂಂ ಅಂದಿದ್ದೆನೆಂದು
ಬಿಲ್ಲು ಬಂದ ಮೇಲೆ ತಿಳಿಯಿತು.

ಆ ರಾತ್ರಿ ನೀವೆಸ್ ಬಂದಳು,
ಬೆರಳ ನಡುವಿನ ಗಾಳಿ ಕೂಡ ಒಡೆಯದೆ ಬಂತು.
ಅವತ್ತು ಎದೆಗೆ ಕೈ ಒಯ್ದು ಏನು ಹೇಳುತ್ತಿದ್ದೆ?
ಅವಳು ಕೈ ಎತ್ತಿದಳು.
ಪೆಟ್ಟಿಗೆಯ ನಾಲ್ಕೂ ದೀಪ ಹಸಿರು.
ಕೈ ಅರ್ಧದಲ್ಲಿ ನಿಂತೇ ಇತ್ತು,
ಅವಳ ಹಿಂದೆ ಕಿಟಕಿಯ ಪರದೆ
ದಕ್ಷಿಣದ ಗಾಳಿಗೆ ಅಲುಗುತ್ತಲೇ ಇತ್ತು.